ಉಣಿಸುವ ವಿದ್ಯೆ

ಬೇನೆ ಬಿದ್ದವರ ಮನೆಗೆ ಹೋದವರು ಕೇಳಲೇಬೇಕಾದ ಪ್ರಶ್ನೆಯೊಂದು ನಮ್ಮ ಕಡೆ ಉಂಟು: "ಯಾವಾಗ ಹುಷಾರಾಗತೈತಂತ?" ಜ್ವರ ಬಂದವನ ಬಗೆಗೆ, ಕಾಲು ಮುರಿದುಕೊಂಡವನ ಬಗೆಗೆ ಈ ಪ್ರಶ್ನೆ ಸಹಜವಾದದ್ದು, ಕೇಳಿದವನಿಗೂ ಹಿತ, ಕೇಳಿಸಿಕೊಂಡವನಿಗೂ ಹಿತ. ಆದರೆ ಗುಣವಾಗುವುದೂ ಅಲ್ಲದ, ತೀರಿಹೋಗುವುದೂ ಅಲ್ಲದ ಮೂರನೆಯದೊಂದು ಸ್ಥಿತಿ ಇದೆ. ಕೆಲವು ಕೂಸುಗಳು ಆ ಸ್ಥಿತಿಯಲ್ಲಿಯೇ ಹುಟ್ಟಿ, ಅದರಲ್ಲಿಯೇ ಬೆಳೆದು, ನಕ್ಕು, ಮುನಿದು, ವರ್ಷಗಳನ್ನು ಕಳೆಯುತ್ತವೆ. ಅಂಥ ಕೂಸಿನ ಮುಂದೆ ಕುಳಿತು ಈ ಪ್ರಶ್ನೆ ಕೇಳುವವನು ಕೆಟ್ಟವನಲ್ಲ. ಅವನಿಗೆ ಬೇರೆ ಪ್ರಶ್ನೆ ಗೊತ್ತಿಲ್ಲ, ಅಷ್ಟೆ. ನಮ್ಮ ಸಂಭಾವಿತ ಮಾತುಕತೆಯಲ್ಲಿ ರೋಗಿ ಎಂದರೆ ಎದ್ದು ಕೂಡಬೇಕಾದವನು, ಇಲ್ಲವೆ ನಾವು ಅಳಬೇಕಾದವನು. ಹಾಗೆಯೇ ಇರುವವನಿಗೆ ಅದರಲ್ಲಿ ಜಾಗವಿಲ್ಲ.

ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಧಾರವಾಡದ ಮಾಳಮಡ್ಡಿಯಲ್ಲಿ ಮಗ, ಸೊಸೆ, ಮೊಮ್ಮಗಳೊಡನೆ ಇರುವವನು. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಬರುವ ಶ್ರಾವಣಕ್ಕೆ ಆರು ತುಂಬುವ ಈ ಮೊಮ್ಮಗಳು ತಾನಾಗಿ ಕೂಡಲಾರಳು, ನಿಲ್ಲಲಾರಳು, ಮಾತನಾಡಲಾರಳು. ಕುತ್ತಿಗೆ ನಿಲ್ಲುವುದೇ ಅವಳಿಗೊಂದು ಸಾಹಸ. ಅದರ ಮೇಲೆ ಮೂರ್ಛೆಯ ಬಾಧೆ, ನುಂಗುವುದಕ್ಕೆ ತೊಂದರೆ, ಮಳೆಗಾಲ ಬಂದರೆ ಎದೆಯಲ್ಲಿ ಕಫ. ವೈದ್ಯರು ಇದಕ್ಕೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಬೆಳೆಯುತ್ತಿರುವ ಮಿದುಳಿಗೆ, ಹುಟ್ಟುವ ಮೊದಲೋ ಹುಟ್ಟುವಾಗಲೋ ಹುಟ್ಟಿದ ಹೊಸತರಲ್ಲಿಯೋ, ಆದ ಪೆಟ್ಟಿನಿಂದ ಸ್ನಾಯುಗಳ ಮೇಲಿನ ಹಿಡಿತ ತಪ್ಪುವ ಸ್ಥಿತಿ ಇದು. ಆ ಪೆಟ್ಟು ಬೆಳೆಯುತ್ತ ಹೋಗುವುದಿಲ್ಲ, ಹಿಂದಕ್ಕೆ ಸರಿಯುವುದೂ ಇಲ್ಲ. ಲೋಕದಲ್ಲಿ ಸಾವಿರ ಕೂಸು ಹುಟ್ಟಿದರೆ ಅವುಗಳಲ್ಲಿ ಎರಡೋ ಮೂರೋ ಹೀಗೆ. ಎಂದ ಮೇಲೆ ಇದು ಅಪರೂಪದ ಸಂಗತಿಯಲ್ಲ. ನಮ್ಮ ಪ್ರತಿಯೊಂದು ಓಣಿಯ ಹಿಂದುಮುಂದಿನಲ್ಲಿ ಇಂಥದೊಂದು ಮನೆ ಇದ್ದೀತು. ಬಾಗಿಲು ಮುಂದೆ ಮಾಡಿಕೊಂಡಿರುವುದರಿಂದ ನಮಗೆ ಕಾಣುವುದಿಲ್ಲ.

ಈ ರೋಗವನ್ನು ಮೊದಲು ವಿವರವಾಗಿ ಬಣ್ಣಿಸಿದವನು ವಿಲಿಯಂ ಜಾನ್ ಲಿಟಲ್ ಎಂಬ ಲಂಡನ್ನಿನ ವೈದ್ಯ. ಅವನು ಸ್ವತಃ ಬಾಲ್ಯದಿಂದಲೇ ಪಾದ ತಿರುಚಿದವನು. ಹೆರಿಗೆಯ ಕಷ್ಟಕ್ಕೂ ಈ ಬಿಗಿದ ಕೈಕಾಲುಗಳಿಗೂ ಸಂಬಂಧವಿದೆಯೆಂದು 1861ರಲ್ಲಿ ಅವನು ವೈದ್ಯರ ಸಭೆಯ ಮುಂದೆ ವಾದಿಸಿದ. ಮುಂದೆ 1897ರಲ್ಲಿ ಇದೇ ವಿಷಯವಾಗಿ ದೊಡ್ಡದೊಂದು ಗ್ರಂಥ ಬರೆದು, ಕಷ್ಟದ ಹೆರಿಗೆಯೇ ಎಷ್ಟೋ ಸಲ ಕಾರಣವಲ್ಲ, ಗರ್ಭದಲ್ಲಿ ಮೊದಲೇ ಆಗಿಹೋದ ಯಾವುದೋ ತೊಂದರೆಯ ಲಕ್ಷಣವಾಗಿರಬಹುದು ಎಂದು ಶಂಕಿಸಿದವನು ಯಾರೆಂದು ಕೇಳಿದರೆ ಸಾಹಿತ್ಯದ ವಿದ್ಯಾರ್ಥಿಗಳು ಬೆರಗಾದಾರು: ಆತ ಸಿಗ್ಮಂಡ್ ಫ್ರಾಯ್ಡ್. ಮನಸ್ಸಿನ ಪಾತಾಳಕ್ಕೆ ಇಳಿಯುವ ಮೊದಲು ಅವನು ಮಕ್ಕಳ ನರರೋಗಗಳನ್ನು ನೋಡುತ್ತಿದ್ದವನು.

ಈ ಹಳೆಯ ವಾದವನ್ನು ಇಲ್ಲಿ ತೆಗೆದದ್ದು ಪಾಂಡಿತ್ಯಕ್ಕಾಗಿ ಅಲ್ಲ. ನಮ್ಮಲ್ಲಿ ಕಾರಣವನ್ನು ಹುಡುಕುವವರು ಲಂಡನ್ನಿಗೂ ಹೋಗುವುದಿಲ್ಲ, ವಿಯೆನ್ನಾಕ್ಕೂ ಹೋಗುವುದಿಲ್ಲ. ನೆಟ್ಟಗೆ ತಾಯಿಯ ಬಳಿಗೆ ಬರುತ್ತಾರೆ. "ಬಸರಿದ್ದಾಗ ಗ್ರಹಣದಾಗ ಹೊರಗ ಬಂದಿದ್ದೇನ ತಂಗಿ?" "ಏನರ ತಿನಬಾರದ್ದ ತಿಂದಿದ್ದೇನು?" ಅವಧಿಗೆ ಮುಂಚಿನ ಹುಟ್ಟು, ಉಸಿರು ಕಟ್ಟಿದ್ದು, ವಿಪರೀತಕ್ಕೇರಿದ ಹಸುಗೂಸಿನ ಕಾಮಾಲೆ, ಮಿದುಳಿನ ಪೊರೆಯ ಸೋಂಕು—ಇವು ಗೊತ್ತಿರುವ ಕಾರಣಗಳು. ಅನೇಕ ಕೂಸುಗಳ ವಿಷಯದಲ್ಲಿ ಇವಾವುವೂ ಸಿಕ್ಕುವುದಿಲ್ಲ. ಗ್ರಹಣ ಮಾತ್ರ ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲ. ನನ್ನ ಸೊಸೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನು ಬಿಟ್ಟು ವರ್ಷಗಳಾದವು. ಅವಳಿಗೆ ಪುರಸೊತ್ತಿಲ್ಲ; ಕೂಸಿಗೆ ಉಣಿಸಬೇಕಾಗಿದೆ.

ಉಣಿಸುವುದೆಂದರೆ ಏನೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ವಾಚಕರು ಮನ್ನಿಸಬೇಕು. ನಾವು ನೀವು ತುತ್ತು ನುಂಗುವುದನ್ನು ಒಂದು ಕೆಲಸವೆಂದು ಎಣಿಸುವುದಿಲ್ಲ. ನಾಲಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ, ಗಂಟಲಿನಲ್ಲಿ ಅನ್ನದ ದಾರಿಯೂ ಗಾಳಿಯ ದಾರಿಯೂ ಕೂಡುವ ಸ್ಥಳದಲ್ಲಿ, ಗಾಳಿಯ ಬಾಗಿಲು ಕ್ಷಣಮಾತ್ರ ಮುಚ್ಚುತ್ತದೆ, ತುತ್ತು ಇಳಿಯುತ್ತದೆ, ಬಾಗಿಲು ತೆರೆಯುತ್ತದೆ. ಈ ಕೂಸುಗಳಲ್ಲಿ ಆ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ. ಅನ್ನ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಅದೂ ಪ್ರತಿಸಲ ಕೆಮ್ಮಿ ಎಚ್ಚರಿಸುತ್ತದೆಂದಲ್ಲ; ಎಷ್ಟೋ ಸಲ ಸದ್ದಿಲ್ಲದೆ ಇಳಿಯುತ್ತದೆ. ಎಲ್ಲಕ್ಕಿಂತ ಕಠಿಣವಾದದ್ದು ನೀರು! ಗಟ್ಟಿ ಪದಾರ್ಥ ಗಂಟಲಲ್ಲಿ ನಿಂತು ಅವಕಾಶ ಕೊಡುತ್ತದೆ, ನೀರು ಕೊಡುವುದಿಲ್ಲ. ಅದಕ್ಕಾಗಿಯೇ ಕುಡಿಯುವುದನ್ನೆಲ್ಲ ಗಂಜಿಯ ಹದಕ್ಕೆ ಮಂದ ಮಾಡಿ ಕೊಡಬೇಕಾಗುತ್ತದೆ.

ನಮ್ಮ ಅಜ್ಜಿಯರು ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಹಾಲು ಹಾಕುತ್ತಿದ್ದರು. ಅದೊಂದು ಚೆಲುವಾದ ಚಿತ್ರ. ಆದರೆ ಇಂಥ ಕೂಸಿಗೆ ಅದು ಅಪಾಯ. ಇವಳನ್ನು ನೆಟ್ಟಗೆ ಕೂಡಿಸಬೇಕು, ಬೆನ್ನಿಗೆ ಆನಿಕೆ ಕೊಡಬೇಕು, ತಲೆ ಹಿಂದಕ್ಕೆ ಬೀಳದಂತೆ, ಗದ್ದ ತುಸು ಕೆಳಗೆ ಬಾಗುವಂತೆ ಹಿಡಿಯಬೇಕು. ಚಮಚ ಸಣ್ಣದಿರಬೇಕು, ಎದುರಿನಿಂದ ಬರಬೇಕು, ಮೇಲಿನಿಂದ ಬರಬಾರದು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಸೋಸಿದರೆ ಒಂದು ಹದ. ಅನ್ನ ತೊವ್ವೆ ತುಪ್ಪ ಕಲಸಿದರೆ ಇನ್ನೊಂದು ಹದ. ಒಂದು ತುತ್ತು ಹಾಕಿ ಕಾಯಬೇಕು. ನುಂಗಿದ ಮೇಲೆ ಇನ್ನೊಂದು ಸಲ ಬರಿದೇ ನುಂಗುವವರೆಗೆ ಕಾಯಬೇಕು. "ಮಾವಾರ, ಗಂಟಲದ ಸಪ್ಪಳ ಕೇಳ್ರಿ" ಎಂದು ಸೊಸೆ ನನಗೆ ಹೇಳಿಕೊಟ್ಟಳು. ಉಸಿರಿನಲ್ಲಿ ನೀರು ಗುಳುಗುಳಿಸಿದಂತಾದರೆ ನಿಲ್ಲಿಸಬೇಕು. ಹೀಗೆ ಒಂದು ಊಟಕ್ಕೆ ಒಂದು ಗಂಟೆ. ದಿನಕ್ಕೆ ಐದು ಊಟ. ಉಂಡ ಮೇಲೆ ಅರ್ಧ ತಾಸು ಮಲಗಿಸುವಂತಿಲ್ಲ, ಒಳಗಿನದು ಮೇಲಕ್ಕೆ ಬಂದೀತು. ಇದರ ನಡುವೆ ಬೆಳಗಿನ ಎಂಟಕ್ಕೂ ರಾತ್ರಿಯ ಎಂಟಕ್ಕೂ ಮೂರ್ಛೆಯ ಔಷಧ. ಅದು ಒಂದು ದಿನವೂ ತಪ್ಪುವಂತಿಲ್ಲ, ಥಟ್ಟನೆ ನಿಲ್ಲಿಸಿದರೆ ಮೂರ್ಛೆ ಇಮ್ಮಡಿಯಾಗಿ ಬರುತ್ತದೆ. ಮೂರ್ಛೆ ಬಂದರೆ ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡಬೇಕು; ಐದು ನಿಮಿಷ ದಾಟಿದರೆ ಮೂಗಿನಲ್ಲಿ ಹಾಕುವ ಔಷಧ, ಆಸ್ಪತ್ರೆಯ ದಾರಿ. ಕೈಯಲ್ಲಿ ಕಬ್ಬಿಣದ ಕೀಲಿಕೈ ಹಿಡಿಸುವುದರಿಂದಾಗಲಿ, ಉಳ್ಳಾಗಡ್ಡಿ ಮೂಸಿಸುವುದರಿಂದಾಗಲಿ ಏನೂ ಆಗುವುದಿಲ್ಲ; ಬಾಯಲ್ಲಿ ಚಮಚ ತುರುಕುವುದಂತೂ ಕೂಡದು.

ಅರವತ್ನಾಲ್ಕು ವಿದ್ಯೆಗಳ ಪಟ್ಟಿಯಲ್ಲಿ ಇದು ಇಲ್ಲ. ಆದರೆ ನಾನು ಬಲ್ಲ ವಿದ್ಯೆಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದು ವಿರಳ. ಹಳಗನ್ನಡದ ಒಂದು ಕಠಿಣ ಪದ್ಯದ ಅನ್ವಯ ತಪ್ಪಿದರೆ ವಿದ್ಯಾರ್ಥಿ ನಗುತ್ತಾನೆ. ಇಲ್ಲಿ ಒಂದು ತುತ್ತು ತಪ್ಪಿದರೆ ಎಂಟು ದಿನ ಆಸ್ಪತ್ರೆ. ಈ ಕಾರಣಕ್ಕಾಗಿಯೇ ನಮ್ಮ ಮನೆಗೆ ಬಂದವರು ಸೊಸೆಯನ್ನು ಕುರಿತು "ತ್ಯಾಗಮಯಿ, ತಾಯಿ ಎಂದರೆ ಹಿಂಗಿರಬೇಕು" ಎಂದಾಗ ನನಗೆ ಸಂತೋಷವಾಗುವುದಿಲ್ಲ, ರೇಗುತ್ತದೆ. ತ್ಯಾಗವೆಂದು ಕರೆದ ಕೆಲಸಕ್ಕೆ ಇನ್ನೊಬ್ಬರು ಕೈಹಾಕಬೇಕಾಗಿಲ್ಲ. ಅದು ಅವಳದು, ಅವಳ ಪುಣ್ಯ. ನಾವು ಕೈಮುಗಿದು ಚಹ ಕುಡಿದು ಹೊರಡಬಹುದು. ವಿದ್ಯೆಯೆಂದು ಕರೆದರೆ ಮಾತ್ರ ತೊಡಕಾಗುತ್ತದೆ, ಏಕೆಂದರೆ ವಿದ್ಯೆಯನ್ನು ಕಲಿಯಬಹುದು. ಕಲಿಯಬಹುದಾದದ್ದನ್ನು ಕಲಿಯದೆ ಇರುವವರು ಯಾರು ಎಂಬ ಪ್ರಶ್ನೆ ಏಳುತ್ತದೆ.

ಸಾಹಿತ್ಯವೂ ಇಲ್ಲಿ ನಮಗೆ ಹೆಚ್ಚು ನೆರವಾಗಿಲ್ಲ. ಧಾರವಾಡದವರಾದ ನಮಗೆ ಸತ್ತ ಕೂಸಿನ ಶೋಕ ಚೆನ್ನಾಗಿ ಗೊತ್ತು. ಸಾಧನಕೇರಿಯ ಬೇಂದ್ರೆಯವರು ಒಂದಲ್ಲ ಎರಡಲ್ಲ, ಹಲವು ಮಕ್ಕಳನ್ನು ಕಳೆದುಕೊಂಡರು. ಆ ಸಂಕಟದಿಂದ ಹುಟ್ಟಿದ ಹಾಡನ್ನು ಹಾಡುವಾಗ ಇಂದಿಗೂ ಸಭೆ ಮೂಕವಾಗುತ್ತದೆ. ಆದರೆ ಬದುಕಿರುವ, ಬದುಕಿಯೂ ನಮ್ಮ ಲೆಕ್ಕಕ್ಕೆ ಸಿಕ್ಕದ ಕೂಸಿಗೆ ನಮ್ಮ ಕಾವ್ಯದಲ್ಲಿ ಸಿಕ್ಕ ಸ್ಥಳ ಚಿಕ್ಕದು. ಪುರಾಣದಲ್ಲಿ ಅಷ್ಟಾವಕ್ರನಿದ್ದಾನೆ: ಎಂಟು ಕಡೆ ಡೊಂಕಾದ ಮೈ, ಜನಕನ ಸಭೆ ನಕ್ಕಿತು. ಆದರೆ ಅವನು ಶಾಸ್ತ್ರವಾದದಲ್ಲಿ ಗೆದ್ದ, ಗೆದ್ದದ್ದರಿಂದ ಉಳಿದ. ವಾದಿಸಲಾರದ ಅಷ್ಟಾವಕ್ರನ ಕಥೆಯನ್ನು ಯಾರೂ ಹೇಳಲಿಲ್ಲ.

ಇದೇ ತೊಡಕು ನಮ್ಮ ಸಮೀಪದ ಗದುಗಿನ ಉದಾಹರಣೆಯಲ್ಲಿಯೂ ಇದೆ. ವೀರೇಶ್ವರ ಪುಣ್ಯಾಶ್ರಮದ ಹೆಸರು ಬಂದಾಗ ನಾನು ತಲೆ ಬಾಗುತ್ತೇನೆ. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಬಡ ಹುಡುಗನೊಬ್ಬನನ್ನು ಕೈಹಿಡಿದು ಸಂಗೀತ ಕಲಿಸಿದರು. ಅವರೇ ಪಂಚಾಕ್ಷರಿ ಗವಾಯಿಗಳು. ಅವರ ಕೈಯಲ್ಲಿ ಬೆಳೆದವರು ಎಳೆತನದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು; 2010ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂತು, ಅದೇ ವರ್ಷ ಅವರು ತೀರಿಕೊಂಡರು. ಅನ್ನ, ಆಶ್ರಯ, ವಿದ್ಯೆ ಮೂರನ್ನೂ ಉಚಿತವಾಗಿ ಕೊಟ್ಟು ಕುರುಡು ಮಕ್ಕಳನ್ನು ಮನುಷ್ಯರ ಸಾಲಿನಲ್ಲಿ ಕೂಡಿಸಿದ ಇಂಥ ಕೆಲಸ ನಾಡಿನಲ್ಲಿ ವಿರಳ. ಆದರೆ ಈ ಮಹನೀಯರನ್ನು ನೆನೆಯುತ್ತ ಜನ ನನ್ನ ಸೊಸೆಗೆ ಹೇಳುವುದೇನು? "ದೇವರು ಒಂದ ಕಸಗೊಂಡರ ಇನ್ನೊಂದ ಕೊಟ್ಟಿರತಾನ, ಈ ಕೂಸಿನ್ಯಾಗೂ ಏನರ ಇರತೈತಿ." ಏನೂ ಇಲ್ಲದಿದ್ದರೆ? ಅವಳು ಹಾಡುವುದಿಲ್ಲ. ಗಣಿತ ಮಾಡುವುದಿಲ್ಲ. ಸಂಜೆಯ ಬೆಳಕು ಗೋಡೆಯ ಮೇಲೆ ಬಿದ್ದರೆ ನೋಡುತ್ತಾಳೆ, ಅಪ್ಪನ ಸ್ಕೂಟರಿನ ಸಪ್ಪಳ ಗುರುತಿಸಿ ಕಾಲು ಬಡಿಯುತ್ತಾಳೆ, ಬೇಡವಾದ ತುತ್ತನ್ನು ತುಟಿ ಬಿಗಿದು ನಿರಾಕರಿಸುತ್ತಾಳೆ. ಇಷ್ಟೇ ಅವಳ ವಿಭೂತಿ. ಇದಕ್ಕೆ ಬದಲಾಗಿ ದೇವರಿಂದ ಮತ್ತೊಂದು ರಸೀದಿ ನಾವೇಕೆ ಕೇಳಬೇಕು?

ಜಪಾನಿನ ಕಾದಂಬರಿಕಾರ ಕೆಂಜಾಬುರೊ ಓಎ ಇಲ್ಲಿ ನೆನಪಾಗುತ್ತಾನೆ. 1963ರಲ್ಲಿ ಅವನಿಗೆ ಹುಟ್ಟಿದ ಮಗನ ತಲೆಬುರುಡೆಯಲ್ಲಿ ದೋಷ. ಮಿದುಳಿನ ಭಾಗ ಹೊರಚಾಚಿತ್ತು. ಶಸ್ತ್ರಕ್ರಿಯೆ ಮಾಡದಿದ್ದರೆ ಸಾವು, ಮಾಡಿದರೆ ಜೀವನವಿಡೀ ವೈಕಲ್ಯ. ಮರುವರ್ಷವೇ ಅವನು 'ಎ ಪರ್ಸನಲ್ ಮ್ಯಾಟರ್' ಎಂದು ಇಂಗ್ಲಿಷಿಗೆ ಬಂದ ಕಾದಂಬರಿಯನ್ನು ಬರೆದ. ಅದರ ನಾಯಕ ಕೂಸು ಸಾಯಲಿ ಎಂದು ಬಯಸುತ್ತಾನೆ, ಓಡಿಹೋಗುತ್ತಾನೆ, ಕುಡಿಯುತ್ತಾನೆ, ಕೊನೆಗೆ ಕೂಸನ್ನು ಮರಳಿ ಎತ್ತಿಕೊಳ್ಳುತ್ತಾನೆ. ಓಎಯ ಮಗ ಹಿಕಾರಿ ಮುಂದೆ ಸಂಗೀತ ರಚನಕಾರನಾದದ್ದು ನಿಜ, ತಂದೆಗೆ 1994ರಲ್ಲಿ ನೊಬೆಲ್ ಬಂದದ್ದೂ ನಿಜ. ಆದರೆ 1964ರಲ್ಲಿ ಆ ಹುಡುಗ ಏನಾಗುವನೆಂದು ಯಾರಿಗೂ ತಿಳಿದಿರಲಿಲ್ಲ. ಕೂಸನ್ನು ಎತ್ತಿಕೊಳ್ಳುವ ಆ ಕೊನೆಯ ಪುಟ ಯಾವ ಸಂಗೀತದ ಆಸೆಗಾಗಿಯೂ ಬರೆದದ್ದಲ್ಲ. ಆ ಕಾದಂಬರಿಯ ಘನತೆ ಇರುವುದು ಅಲ್ಲಿ.

ಹೆಸರುಗಳ ವಿಷಯದಲ್ಲಿ ನಮಗೆ ಉತ್ಸಾಹ ಹೆಚ್ಚು. ಅಂಗವಿಕಲ ಎನ್ನುತ್ತಿದ್ದೆವು, ಅದು ಒರಟಾಯಿತೆಂದು ವಿಕಲಚೇತನ ಎಂದೆವು, ವಿಶೇಷಚೇತನ ಎಂದೆವು, 2015ರಿಂದ ದಿವ್ಯಾಂಗ ಎಂಬುದೂ ಬಂತು. ವಿಕಲವಾದದ್ದು ಅಂಗವೋ ಚೇತನವೋ ಎಂಬುದನ್ನು ಸಂಸ್ಕೃತ ಪಂಡಿತರು ತೀರ್ಮಾನಿಸಲಿ. 'ಇವನನ್ನ ಧಾರವಾಡಕ್ಕ ಕಳಿಸಬೇಕು' ಎಂದು ನಮ್ಮ ಊರಿನ ಮಾನಸಿಕ ಆಸ್ಪತ್ರೆಯನ್ನು ನೆಪ ಮಾಡಿಕೊಂಡು ಉತ್ತರ ಕರ್ನಾಟಕವೆಲ್ಲ ನಗುತ್ತಿದ್ದ ಕಾಲ ನನಗೆ ನೆನಪಿದೆ. ಊರಿನ ಹೆಸರನ್ನೇ ಬೈಗುಳ ಮಾಡಿಕೊಂಡವರ ನಡುವೆ ಬೆಳೆದ ನನಗೆ ಹೊಸ ಹೆಸರುಗಳಲ್ಲಿ ದೊಡ್ಡ ನಂಬಿಕೆ ಇಲ್ಲ.

ಕಾಯಿದೆ ಒಳ್ಳೆಯದಿದೆ. 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು; 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಪ್ಪತ್ತೊಂದನ್ನು ಗುರುತಿಸುತ್ತದೆ. ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಹೆಚ್ಚಿನ ಆಸರೆ ಬೇಕಾದವರ ಆರೈಕೆದಾರರಿಗೆ ಭತ್ಯೆ—ಎಲ್ಲವೂ ಅದರಲ್ಲಿ ಬರೆದಿದೆ. ಹುಟ್ಟಿದ ಕೂಸಿನ ದೋಷಗಳನ್ನು ಬೇಗನೆ ಕಂಡುಹಿಡಿಯಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ನಮ್ಮ ರಾಜ್ಯ ಸರಕಾರ 2024ರ ಮುಂಗಡಪತ್ರದಲ್ಲಿ ಸೆರೆಬ್ರಲ್ ಪಾಲ್ಸಿ ಮೊದಲಾದ ಕೆಲವು ಸ್ಥಿತಿಗಳ ಆರೈಕೆದಾರರಿಗೆ ತಿಂಗಳಿಗೆ 1000 ರೂಪಾಯಿ ಘೋಷಿಸಿತು. ಮೊತ್ತ ಸಣ್ಣದು, ಆದರೆ ಅಮ್ಮನ ಕೆಲಸವೂ ಕೆಲಸವೆಂದು ಸರಕಾರದ ಕಾಗದ ಒಪ್ಪಿಕೊಂಡದ್ದು ಸಣ್ಣದಲ್ಲ. ಇನ್ನೊಂದು ಕಡೆ, ಸ್ನಾಯುಗಳು ಸೊರಗುವ ಅಪರೂಪದ ರೋಗದ ಕೂಸಿಗೆ ಹದಿನಾರು ಕೋಟಿ ರೂಪಾಯಿಯ ಒಂದೇ ಚುಚ್ಚುಮದ್ದು ಬೇಕೆಂದು ಪತ್ರಿಕೆಯಲ್ಲಿ ಮನವಿ ಬಂದರೆ ನಾವು ಧಾರಾಳವಾಗಿ ಕೊಡುತ್ತೇವೆ, ಕೊಡಲೇಬೇಕು. ಅಲ್ಲಿ ಒಂದು ಗುರಿ ಇದೆ, ಗುಣವಾಗುವ ಆಸೆ ಇದೆ. ದಿನವೂ ಕಫ ತೆಗೆಯುವ ನಳಿಕೆಗೆ, ಆ ಯಂತ್ರ ನಡೆಯಬೇಕಾದ ಹೊತ್ತಿನಲ್ಲಿ ಹೋಗುವ ವಿದ್ಯುತ್ತಿಗೆ ಯಾರೂ ಮನವಿ ಬರೆಯುವುದಿಲ್ಲ.

ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ—ಜನರ ಬಾಯಲ್ಲಿ ಇಂದಿಗೂ ಕಿಮ್ಸ್—ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಗಳಿಂದ ಇಂಥ ಕೂಸುಗಳನ್ನು ಹೊತ್ತು ತರುತ್ತಾರೆ. 'ಹೊತ್ತು' ಎಂಬುದನ್ನು ಅಕ್ಷರಶಃ ತಿಳಿಯಬೇಕು: ಐದಾರು ವರ್ಷದ ಬಿಗಿದ ಮೈಯ ಕೂಸನ್ನು ಸೊಂಟದ ಮೇಲೆ. ನಾವು ಅವಳಿ ನಗರದವರು ಭಾಗ್ಯವಂತರು; 2018ರಿಂದ ಓಡುತ್ತಿರುವ ಚಿಗರಿ ಬಸ್ಸಿನ ನೆಲವೂ ನಿಲ್ದಾಣದ ಕಟ್ಟೆಯೂ ಸಮಮಟ್ಟದಲ್ಲಿವೆ, ಗಾಲಿಕುರ್ಚಿ ಮೆಟ್ಟಿಲಿಲ್ಲದೆ ಒಳಗೆ ಹೋಗುತ್ತದೆ. ಮನೆಯಿಂದ ಆ ಕಟ್ಟೆಯವರೆಗಿನ ಅರ್ಧ ಕಿಲೋಮೀಟರು ದಾಟಿದರೆ ಮಾತ್ರ.

ಶಾಲೆಯ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದಾನೆ. ಕಾಯಿದೆಯ ಮಾತು ತೆಗೆದಾಗ ಅವನು ಅಂದ: "ಸರ್, ನಲವತ್ತ ಹುಡುಗರು, ನಾ ಒಬ್ಬಾಂವ. ನಿಮ್ಮ ಮೊಮ್ಮಗಳಿಗೆ ಮೂರ್ಛಿ ಬಂತಂದ್ರ ನಾ ಏನ ಮಾಡ್ಲಿ? ಉಳಿದ ಮೂವತ್ತೊಂಬತ್ತ ಏನ ಮಾಡ್ಲಿ?" ಅವನ ಮಾತು ಸರಿ. ಇನ್ನೊಂದು ಜೊತೆ ಕೈಗಳನ್ನು ಕೊಡದೆ ಬರಿಯ ಹೃದಯವೈಶಾಲ್ಯವನ್ನು ಅವನಿಂದ ಕೇಳುವುದು ಅನ್ಯಾಯ. ಆದರೆ "ಅಲ್ಲಿ ಬಂದು ಆಕಿ ಏನ ಕಲೀತಾಳ?" ಎಂದು ಅವನು ಸೇರಿಸಿದ್ದನ್ನು ನಾನು ಒಪ್ಪಲಾರೆ. ನಲವತ್ತು ಹುಡುಗರ ಕಲರವ ಕೇಳುವುದೂ ಅವಳಿಗೊಂದು ಪಾಠ. ಅವಳನ್ನು ಕಂಡು ಹೆದರದೆ ಇರುವುದು ಆ ನಲವತ್ತು ಹುಡುಗರಿಗೆ ಪಾಠ. ಅವರು ಮುಂದೆ ವೈದ್ಯರೂ ಗುಮಾಸ್ತರೂ ಬಸ್ಸಿನ ಕಂಡಕ್ಟರರೂ ಆಗುವವರು.

ಕೈಗಳ ಪ್ರಶ್ನೆಗೆ ಉತ್ತರ ಈ ಊರಿನಲ್ಲಿಯೇ ಇದೆಯೆಂಬುದು ನನ್ನ ವಾದ. ಹುಬ್ಬಳ್ಳಿ-ಧಾರವಾಡದಷ್ಟು ವಿದ್ಯಾರ್ಥಿಗಳಿರುವ ಊರು ಉತ್ತರ ಕರ್ನಾಟಕದಲ್ಲಿ ಎಲ್ಲಿದೆ? ನರ್ಸಿಂಗ್ ಓದುವವರು, ಫಿಜಿಯೋಥೆರಪಿ ಓದುವವರು, ಬಿ.ಎಡ್. ಓದುವವರು, ಸಮಾಜಕಾರ್ಯ ಓದುವವರು. ಓಣಿ ಓಣಿಯಲ್ಲಿ ಬಾಡಿಗೆ ಖೋಲಿಗಳಲ್ಲಿ ತುಂಬಿಕೊಂಡಿದ್ದಾರೆ. ವಾರಕ್ಕೆ ಮೂರು ತಾಸು, ಒಂದು ಮನೆ, ಒಂದು ಕೂಸು; ಅದನ್ನು ಅವರ ಅಭ್ಯಾಸದ ಭಾಗವೆಂದು ಕಾಲೇಜುಗಳು ಎಣಿಸಲಿ, ಅಂಕ ಕೊಡಲಿ. ಮೊದಲು ಆಸ್ಪತ್ರೆಯವರು ಕಲಿಸಲಿ, ಆಮೇಲೆ ಆ ಮನೆಯ ತಾಯಿ ಕಲಿಸಲಿ, ಅದಕ್ಕಾಗಿ ಅವಳಿಗೆ ಗುರುದಕ್ಷಿಣೆಯೂ ಸಲ್ಲಲಿ. ದಾನಧರ್ಮವೆಂದು ಇದನ್ನು ಮಾಡಬಾರದು. ದಾನ ಮಾಡುವವನು ಎರಡು ವಾರಕ್ಕೆ ದಣಿಯುತ್ತಾನೆ, ಹಾಜರಿ ಇರುವವನು ದಣಿದರೂ ಬರುತ್ತಾನೆ.

ಇದರ ಹಿಂದೆ ಇನ್ನೊಂದು ಭಯವಿದೆ. ನನ್ನ ಮಗ ಸೊಸೆ ಅದನ್ನು ಮಾತಿನಲ್ಲಿ ಹೇಳುವುದಿಲ್ಲ. ನಾವು ಹೋದ ಮೇಲೆ? ಹದಿನೆಂಟು ದಾಟಿದ ಮೇಲೂ ಇಂಥವರಿಗೆ ಕಾನೂನಿನಂತೆ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅವಕಾಶವಿದೆ, ಜಿಲ್ಲೆಗೊಂದು ಸಮಿತಿಯಿದೆ. ಆದರೆ ಸಮಿತಿ ಗಂಟಲಿನ ಸಪ್ಪಳ ಕೇಳಲಾರದು. ಅವಳಿಗೆ ಉಣಿಸಲು ಬಲ್ಲವರು ಈ ಲೋಕದಲ್ಲಿ ಸದ್ಯಕ್ಕೆ ನಾಲ್ವರು: ತಾಯಿ, ತಂದೆ, ಅರೆಬರೆಯಾಗಿ ನಾನು, ಮತ್ತು ಪಕ್ಕದ ಖೋಲಿಯಲ್ಲಿದ್ದು ಬಿ.ಎಡ್. ಓದುವ ಬ್ಯಾಡಗಿಯ ಕಡೆಯ ಒಬ್ಬ ಹುಡುಗಿ. ಅವಳು ಒಂದು ಶನಿವಾರ ಪುಸ್ತಕ ಕೇಳಲು ಬಂದಾಗ ಊಟದ ಹೊತ್ತಾಗಿತ್ತು. ನಿಂತು ನೋಡಿದಳು, ಮುಂದಿನ ಶನಿವಾರವೂ ಬಂದಳು. ಆರನೆಯ ವಾರಕ್ಕೆ ಸೊಸೆ ಚಮಚವನ್ನು ಅವಳ ಕೈಗಿತ್ತಳು. ಎರಡು ತಿಂಗಳಲ್ಲಿ ಅವಳು ಇಡೀ ಊಟ ಉಣಿಸುವಂತಾದಳು. ಅಂದು ಸೊಸೆ, ಐದು ವರ್ಷಗಳಲ್ಲಿ ಮೊದಲ ಸಲ, ಒಬ್ಬಳೇ ಸುಭಾಷ ರಸ್ತೆಗೆ ಹೋಗಿ ಬಂದಳು. ತಂದದ್ದು ಅರ್ಧ ಕಿಲೋ ಪೇರಲ ಹಣ್ಣು. ಆ ಹುಡುಗಿಯ ಪರೀಕ್ಷೆ ಬರುವ ತಿಂಗಳು ಮುಗಿಯುತ್ತದೆ, ಅವಳು ಊರಿಗೆ ಹೋಗುತ್ತಾಳೆ. ಖೋಲಿಗೆ ಹೊಸಬರು ಬರುವುದು ಜೂನಿನಲ್ಲಿ.